ಗಡಿಯಾರದವನ ಕಣ್ಣು

ಬಡಾಯಿ ಮಾವ ಸತ್ತವರ ಕಣ್ಣು ತೆರೆಸುತ್ತಿದ್ದ. ಒಬ್ಬರದಲ್ಲ, ಇಬ್ಬರದಲ್ಲ, ಮೊನ್ನೆಯವರೆಗೆ ಮುನ್ನೂರ ಹದಿನೇಳು ಜನರದು. ಕೊನೆಯವನು ಒಬ್ಬ ಅಜ್ಜ. ಫೋಟೋದಲ್ಲಿ ಅವನ ರೆಪ್ಪೆಗಳನ್ನು ಮೌಸಿನ ತುದಿಯಿಂದ ನಾಜೂಕಾಗಿ ಮೇಲಕ್ಕೆತ್ತಿದ್ದೇ ತಡ, ಅಜ್ಜ ಪರದೆಯ ಒಳಗಿಂದಲೇ ಎರಡು ಸಲ ಕಣ್ಣು ಮಿಟುಕಿಸಿ, "ಬೆಳಕು ಸ್ವಲ್ಪ ಕಡಿಮೆ ಮಾಡಪ್ಪಾ, ಕಣ್ಣು ಕುಕ್ಕುತ್ತೆ" ಅಂದನಂತೆ.

"ಆಮೇಲೆ?" ಕೈಯಲ್ಲಿ ಪೈಪಿನ ತುಂಡು ಹಿಡಿದಿದ್ದ ನಲ್ಲಿ ರಿಪೇರಿಯವನು ಕೇಳಿದ.

"ಆಮೇಲೇನು? ಕಡಿಮೆ ಮಾಡಿದೆ. ಹಿರಿಯರು ಬಾಯಿಬಿಟ್ಟು ಕೇಳಿದ ಮೇಲೆ ಆಗಲ್ಲ ಅನ್ನೋಕಾಗುತ್ತಾ?"

ಲಿಫ್ಟು ಕೆಟ್ಟು ನಿಂತ ಐದು ಮಹಡಿಯ ಕಟ್ಟಡ ಅದು. ಎರಡನೇ ಮಹಡಿಯ ಮೆಟ್ಟಿಲ ತಿರುವೇ ಬಡಾಯಿ ಮಾವನ ಸಭಾಂಗಣ. ಮೇಲೆ ಹತ್ತುವವರು ಉಸಿರು ತಿರುಗಿಸಿಕೊಳ್ಳಲು ಅಲ್ಲಿ ನಿಲ್ಲಲೇಬೇಕು, ನಿಂತವರು ಕೇಳಲೇಬೇಕು. ಬೆಳಗಿನಿಂದ ಮಧ್ಯಾಹ್ನದ ತನಕ ಅವನಿಗೆ ಬೀದಿಯ ಕೊನೆಯ ನಕಲು ಅಂಗಡಿಯಲ್ಲಿ ಕೆಲಸ. ಕಾಗದ ಒಳಗೆ ತೂರಿಸುವುದು, ಅದರ ಅವಳಿ ಹೊರಗೆ ಬರುವುದನ್ನು ಕಾಯುವುದು. ಮಧ್ಯಾಹ್ನದ ಮೇಲೆ ಮನೆಯ ಕಂಪ್ಯೂಟರಿನ ಮುಂದೆ ಕೂತು ನೆರೆಹೊರೆಯವರ ಫೋಟೋಗಳ ಮೊಡವೆ ಅಳಿಸುವುದು, ಬೋಳು ತಲೆಗೆ ಕೂದಲು ನೆಡುವುದು, ಬೇಡವಾದ ಭಾವಮೈದುನನನ್ನು ಮದುವೆಯ ಗುಂಪಿನಿಂದ ಎತ್ತಿ ಆ ಜಾಗದಲ್ಲಿ ಹೂದಾನಿ ಇಡುವುದು. ಆ ಕಂಪ್ಯೂಟರು ಎಷ್ಟು ಹಳೆಯದೆಂದರೆ, ಗುಂಡಿ ಒತ್ತಿ ಬಂದು ಸ್ನಾನ ಮಾಡಿ, ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು ಬಂದರೂ ಅದು ಇನ್ನೂ ಆಕಳಿಸುತ್ತಾ ಕಣ್ಣುಜ್ಜಿಕೊಳ್ಳುತ್ತಿರುತ್ತಿತ್ತು.

"ಸತ್ತವರ ಕಣ್ಣು ತೆರೆಸ್ತಾನಂತೆ!" ಬಾಗಿಲ ಹಿಂದಿನಿಂದ ಅವನ ಅಕ್ಕನ ದನಿ ಬಂತು. "ಬೆಳಿಗ್ಗೆ ಎಂಟಾದ್ರೂ ಇವನ ಕಣ್ಣು ತೆರೆಸೋಕೆ ನಾನು ಬಕೆಟಿನಲ್ಲಿ ನೀರು ಹಿಡ್ಕೊಂಡು ನಿಲ್ಲಬೇಕು."

ಎಲ್ಲರೂ ನಕ್ಕರು, ಒಬ್ಬಳನ್ನು ಬಿಟ್ಟು. ನಾಲ್ಕನೇ ಮಹಡಿಯ ಹೊಲಿಗೆಯವಳು ಬಟ್ಟೆಯ ಗಂಟನ್ನು ಎದೆಗವಚಿಕೊಂಡು ನಿಂತಲ್ಲೇ ನಿಂತಿದ್ದಳು. ಜನ ಚದುರಿದ ಮೇಲೆ ಕೇಳಿದಳು.

"ಮುಚ್ಚಿದ ಕಣ್ಣು ತೆರೆಸೋಕೆ ನಿಜವಾಗ್ಲೂ ಆಗುತ್ತಾ ಮಾವ?"

ಬಡಾಯಿ ಮಾವ ಹುಟ್ಟಿದಾಗ ದಾದಿ "ಅಳು ನೋಡೋಣ" ಅಂದದ್ದಕ್ಕೆ "ಎಷ್ಟು ಹೊತ್ತು ಅಳಲಿ?" ಎಂದು ಕೇಳಿದವನು. ಅವನ ಬಾಯಲ್ಲಿ ಇಲ್ಲ ಎಂಬ ಮಾತು ಈ ಜನ್ಮದಲ್ಲಿ ಬಂದಿರಲಿಲ್ಲ. "ಆಗುತ್ತಾ ಅಂತ ಕೇಳ್ತೀಯಲ್ಲಮ್ಮ! ಎರಡು ಕಣ್ಣು ಸಾಕಾ, ಮೂರು ಬೇಕಾ?" ಅಂದ.

ಅವಳು ನಗಲಿಲ್ಲ. ಗಂಟು ಕೆಳಗಿಟ್ಟು, ಒಡೆದ ಗಾಜಿನ ಹಳೆಯ ಮೊಬೈಲೊಂದನ್ನು ತೆಗೆದು, ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು.

ಅದರಲ್ಲಿದ್ದದ್ದು ಅವಳ ಗಂಡ, ಗಡಿಯಾರ ರಿಪೇರಿಯವನು. ನಾಲ್ಕೂವರೆ ವರ್ಷದ ಹಿಂದೆ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟವನು. ಅವರು ಮೊದಲಿದ್ದ ನೆಲಮಾಳಿಗೆಯ ಮನೆಗೆ ಚರಂಡಿ ನೀರು ನುಗ್ಗಿದಾಗ ಮದುವೆಯ ಫೋಟೋ, ಗುರುತಿನ ಚೀಟಿ ಎಲ್ಲ ಇದ್ದ ಪೆಟ್ಟಿಗೆ ನೆನೆದು ಮುದ್ದೆಯಾಗಿತ್ತು. ಉಳಿದದ್ದು ಇದೊಂದೇ ಚಿತ್ರ. ಕಿಟಕಿಯ ಪಕ್ಕದ ಕೆಲಸದ ಮೇಜು, ಚೌಕಳಿ ಶರ್ಟು, ತೊಡೆಯ ಮೇಲೆ ಮೂರು ತಿಂಗಳ ಕೂಸು. ಸರಿಯಾಗಿ ಗುಂಡಿ ಒತ್ತುವ ಕ್ಷಣಕ್ಕೆ ಅವನು ಕಣ್ಣು ಮುಚ್ಚಿದ್ದ.

"ಮಗಳು ಈಗ ಕೇಳ್ತಾಳೆ, ಅಪ್ಪ ಯಾಕೆ ಯಾವಾಗ್ಲೂ ಮಲಗೇ ಇರ್ತಾರೆ ಅಂತ. ಮುಂದಿನ ವಾರ ಶಾಲೆ ಶುರು. ಅಪ್ಪ ಅಮ್ಮನ ಫೋಟೋ ತರಬೇಕಂತೆ, ಗೋಡೆಗೆ ಅಂಟಿಸೋಕೆ. ಎಲ್ಲರ ಅಪ್ಪಂದಿರೂ ನೋಡ್ತಿರ್ತಾರೆ. ಇವಳ ಅಪ್ಪ ಮಾತ್ರ..." ಅವಳು ಗಂಟನ್ನು ಮತ್ತೆ ಎತ್ತಿಕೊಂಡಳು. "ಬೇರೆ ಏನೂ ಬದಲಾಯಿಸಬೇಡಿ. ಕಣ್ಣಷ್ಟೇ."

"ಕಣ್ಣಷ್ಟೇ," ಎಂದು ಬಡಾಯಿ ಮಾವ ಎದೆ ತಟ್ಟಿಕೊಂಡ. "ನಾಳೆ ಸಂಜೆ ನಿನ್ನ ಗಂಡ ನಿನ್ನನ್ನ ನೋಡ್ತಾನೆ."

ಹೇಳಿದ ಮೇಲೆ ಅವನಿಗೇ ಬೆನ್ನ ಮೇಲೆ ಇರುವೆ ಹರಿದಂತಾಯಿತು.

ಈ ಕೆಲಸಕ್ಕೆ ಒಂದೇ ಒಂದು ನಿಯಮ: ಮೊದಲು ನಕಲು, ಆಮೇಲೆ ಕೈಚಳಕ. ಮೂಲವನ್ನು ಮುಟ್ಟಬಾರದು. ಅದರ ಪ್ರತಿ ಮಾಡಿಕೊಂಡು, ಪ್ರತಿಯ ಮೇಲೆ ಏನು ಬೇಕಾದರೂ ಆಡಬಹುದು. ಈ ನಿಯಮವನ್ನು ಬಡಾಯಿ ಮಾವ ಕಟ್ಟಡದ ಪ್ರತಿ ಮನುಷ್ಯನಿಗೂ, ಎರಡು ಬೆಕ್ಕುಗಳಿಗೂ ಬೋಧಿಸಿದ್ದ. ದಿನಕ್ಕೆ ಸಾವಿರ ನಕಲು ತೆಗೆಯುವ ಮನುಷ್ಯನಿಗೆ ನಕಲಿನ ಮಹಿಮೆ ಬೇರೆ ಯಾರು ಹೇಳಿಕೊಡಬೇಕು? ಆ ಮಧ್ಯಾಹ್ನ ಅವನು ತಂತಿ ಸಿಕ್ಕಿಸಿ ಫೋಟೋವನ್ನು ಮೊಬೈಲಿನಿಂದ ಕಂಪ್ಯೂಟರಿಗೆ ಎಳೆದುಕೊಂಡ. ಮೊಬೈಲು ತುಂಬಿ ತುಳುಕುತ್ತಿತ್ತು, ಹೊಸದೇನೂ ಹಿಡಿಯುವುದಿಲ್ಲ ಎಂದು ಬೊಬ್ಬೆ ಹಾಕುತ್ತಿತ್ತು. ಪಾಪ ಹೆಣ್ಣುಮಗಳು, ಸ್ವಲ್ಪ ಜಾಗವಾಗಲಿ ಎಂದು ಅಲ್ಲಿದ್ದದ್ದನ್ನೆಲ್ಲ ಅಳಿಸಿದ. ಆಮೇಲೆ ನಾಲಿಗೆ ತುರಿಸಿತು.

ಅವನದೇ ಮೊಬೈಲಿನಲ್ಲಿ ಐವತ್ತೆರಡು ಜನರ ಒಂದು ಗುಂಪಿತ್ತು, ಅವನ ಬಡಾಯಿ ಕೇಳಲೆಂದೇ ಹುಟ್ಟಿದವರು. ಅವರಿಗೆ ಈ ಚಿತ್ರ ಕಳಿಸಿ, "ಈ ಕಣ್ಣು ನಾಳೆ ತೆರೆಯುತ್ತೆ, ಎದೆ ಗಟ್ಟಿ ಇದ್ದವರು ನೋಡಿ" ಎಂದು ಬರೆಯಬೇಕೆನ್ನಿಸಿತು. ಕಟ್ಟಡದ ಇಂಟರ್ನೆಟ್ಟು ಆಮೆಗೂ ಅಣ್ಣ. ದೊಡ್ಡ ಚಿತ್ರ ಹೋಗುವಷ್ಟರಲ್ಲಿ ಕಣ್ಣು ತೆರೆದು ಮುಚ್ಚಿ ಮತ್ತೆ ತೆರೆದಿರುತ್ತದೆ. ಹಾಗಾಗಿ ಚಿತ್ರವನ್ನು ಕುಗ್ಗಿಸಿದ, ಇನ್ನಷ್ಟು ಕುಗ್ಗಿಸಿದ, ಬೆರಳ ಉಗುರಿನಷ್ಟಾಯಿತು. ಕಳಿಸಿದ. ಅಷ್ಟರಲ್ಲಿ ಅಕ್ಕ ಊಟಕ್ಕೆ ಕೂಗಿದಳು. ಮುಚ್ಚುವಾಗ ಕಂಪ್ಯೂಟರು ಕೇಳಿತು: ಬದಲಾವಣೆಗಳನ್ನು ಉಳಿಸಬೇಕೇ?

ಯಾವುದಕ್ಕೂ ಇಲ್ಲ ಅನ್ನದ ಮನುಷ್ಯ. ಹೌದು ಎಂದು ಒತ್ತಿ ಎದ್ದು ಹೋದ.

ಕೈ ತೊಳೆದು ಬಂದು ತೆರೆದರೆ ದೊಡ್ಡ ಬಿಳಿ ಪರದೆಯ ನಡುವೆ ಒಂದು ಉಗುರು. ಹಿಗ್ಗಿಸಿದ. ಗಡಿಯಾರದವನ ಮುಖ ಚೌಕ ಚೌಕವಾಗಿ ಒಡೆದುಹೋಯಿತು. ಕಣ್ಣಿಗೆ ಎರಡೆರಡು ಚೌಕ, ಮೂಗಿಗೆ ಮೂರು, ಬಾಯಿಗೆ ಒಂದು ಕಂದು ಗೆರೆ. ಕಸದ ಬುಟ್ಟಿ ಕೆದಕಿದ, ಅಳಿಸಿದ್ದನ್ನು ಮರಳಿ ತರುತ್ತೇವೆಂದು ಆಣೆ ಮಾಡುವ ಹನ್ನೊಂದು ತಂತ್ರಾಂಶ ಹಾಕಿದ, ಮೊಬೈಲಿನ ಹೊಟ್ಟೆ ಬಗೆದ. ಏನೂ ಇರಲಿಲ್ಲ. ಐವತ್ತೆರಡು ಜನರ ಬಳಿಯೂ ಅದೇ ಉಗುರು. ಒಬ್ಬ ಬರೆದಿದ್ದ: "ಮಾವ, ಇದು ಫೋಟೋನಾ, ಬೆಂಕಿಪೊಟ್ಟಣದ ಚಿತ್ರಾನಾ?"

ಬಡಾಯಿ ಮಾವನ ಬಾಯಿಯಲ್ಲಿದ್ದ ನೀರೆಲ್ಲ ಅಂಗೈಗೆ ಇಳಿಯಿತು.

ಅವನು ಹೇಳಬೇಕೆಂದೇ ಎರಡು ಮಹಡಿ ಹತ್ತಿದ. ಆ ಮೆಟ್ಟಿಲುಗಳನ್ನು ಹತ್ತಿದ್ದು ಅವನ ಲೆಕ್ಕಕ್ಕೆ ಒಂದು ವರ್ಷ. ಬಾಗಿಲು ತೆರೆದದ್ದು ಮಗು. ಗಡಿಯಾರದ ಗಂಟೆಮುಳ್ಳಿನ ಹಾಗೆ ಎಲ್ಲದರಲ್ಲೂ ನಿಧಾನ ಎಂದು ಹುಟ್ಟಿದ ವಾರದಲ್ಲೇ ಅಪ್ಪ ಅವಳಿಗೆ ಚಿಕ್ಕಮುಳ್ಳು ಎಂದು ಹೆಸರಿಟ್ಟಿದ್ದ. ಕಟ್ಟಡವೆಲ್ಲ ಹಾಗೇ ಕರೆಯುತ್ತಿತ್ತು. ಅವಳು ಕತ್ತೆತ್ತಿ ಅವನನ್ನು ನೋಡಿ, ಪಿಸುದನಿಯಲ್ಲಿ ಕೇಳಿದಳು.

"ಅಪ್ಪ ಎದ್ರಾ?"

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಏಳ್ತಾ ಇದ್ದಾರೆ ಮರಿ," ಎಂದ ಬಡಾಯಿ ಮಾವ. "ಇನ್ನೇನು, ಮೈ ಮುರೀತಾ ಇದ್ದಾರೆ." ಆಮೇಲೆ ಅವಳ ತಲೆಯ ಮೇಲಿಂದ ಒಳಗೆ ನೋಡಿ, ತನಗೇ ಅಪರಿಚಿತವಾದ ದನಿಯಲ್ಲಿ, "ಆ ಶರ್ಟು ಇದೆಯೇನಮ್ಮ? ಬಣ್ಣ ಸ್ವಲ್ಪ ಮಾಸಿದೆ, ಹೊಂದಿಸಬೇಕು" ಅಂದ.

ಇತ್ತು. ಅವಳು ಮಡಿಸಿಟ್ಟ ಶರ್ಟನ್ನು ಎರಡೂ ಕೈಯಲ್ಲಿ ಕೊಟ್ಟಳು.

ಮೊದಲ ದಿನ ಅವನು ಬೇರೆಯವರ ಕಣ್ಣುಗಳನ್ನು ಹಚ್ಚಿ ನೋಡಿದ. ಅವನ ಬಳಿ ಕಣ್ಣುಗಳಿಗೇನು ಬರ? ಆದರೆ ಎಲ್ಲವೂ ಎಲ್ಲೆಲ್ಲೋ ನೋಡುತ್ತಿದ್ದವು. ಕಿಟಕಿಯ ಬೆಳಕು ಎಡಗಡೆಯಿಂದ ಬಿದ್ದಿರಬೇಕು, ತಲೆ ಒಂದಿಷ್ಟು ಬಾಗಿರಬೇಕು. ಅಂಥ ಕಣ್ಣು ಬೇಕೆಂದರೆ ಅಂಥ ಕಿಟಕಿಯ ಬಳಿ ಯಾರಾದರೂ ಕೂರಬೇಕು. ಕೊನೆಗೆ ಡಬ್ಬಿಗೆ ಮೊಬೈಲು ಒರಗಿಸಿ ತಾನೇ ಕೂತ. ಕಣ್ಣು ಕೂತಿತು. ಆದರೆ ಚೂಪಾದ ಕಣ್ಣಿನ ಸುತ್ತ ಮುಖ ಗಂಜಿಯಂತಿತ್ತು. ಹಾಗಾಗಿ ರೆಪ್ಪೆ. ರೆಪ್ಪೆ ಬಂದ ಮೇಲೆ ಕೆನ್ನೆ. ಕೆನ್ನೆಯ ಮೇಲೆ ಬಲಗಣ್ಣಿನ ಕೆಳಗೆ ಒಂದು ಕಪ್ಪು ಚೌಕ ಉಳಿದಿತ್ತು. ಕೊಳೆ ಎಂದು ಒರೆಸಿದ. ಮೂಗು, ತುಟಿ, ಗಲ್ಲ. ಒಂದು ಸುಳ್ಳು ಒಬ್ಬಂಟಿಯಾಗಿ ಮಲಗುವುದಿಲ್ಲ, ನೆಂಟರನ್ನೆಲ್ಲ ಕರೆಸುತ್ತದೆ. ಮೂರನೇ ಮಧ್ಯಾಹ್ನದ ಹೊತ್ತಿಗೆ ಗಡಿಯಾರದವನದು ಅಂತ ಉಳಿದದ್ದು ಹಣೆಯ ಮೇಲಿನ ಕೂದಲ ಅಂಚು ಮಾತ್ರ. ಮತ್ತೆ ಶರ್ಟು. ಆ ಚೌಕಳಿಗಳೂ ಮುದ್ದೆಯಾಗಿದ್ದವು.

ಬಾಗಿಲು ಓರೆ ಮಾಡಿ, ಅವನು ಆ ಶರ್ಟನ್ನು ಹಾಕಿಕೊಂಡ.

ಹಿಡಿಯುವುದಿಲ್ಲ ಅಂದುಕೊಂಡಿದ್ದ. ಹಿಡಿಯಿತು. ತೋಳು, ಭುಜ, ಕುತ್ತಿಗೆ, ಅಳತೆ ತೆಗೆದು ಹೊಲಿದ ಹಾಗೆ. ಜೇಬಿನಲ್ಲಿ ಏನೋ ಚುಚ್ಚಿತು. ಬೆರಳು ಹಾಕಿ ತೆಗೆದರೆ ಸಾಸಿವೆ ಗಾತ್ರದ ಹಲ್ಲುಚಕ್ರ, ಯಾವುದೋ ಗಡಿಯಾರದ್ದು. ಅದನ್ನು ಕೀಬೋರ್ಡಿನ ಪಕ್ಕ ಇಟ್ಟು, ಕಿಟಕಿಯ ಬಳಿ ಕೂತು, ತಲೆ ಬಾಗಿಸಿದ. ಹಗಲು ಮೂರು ಗಂಟೆ. ಕೆಳಗೆ ಬೀದಿಯಲ್ಲಿ ಯಾರೋ ಬೈಕು ಒದೆಯುತ್ತಿದ್ದರು. ಹಿಂದಿನಿಂದ ಬಾಗಿಲು ಸರಿದ ಸದ್ದಾಯಿತು.

"ಯಾರು ಬೇಕಾಗಿತ್ತು?"

ಅಕ್ಕ ಚಹಾದ ಲೋಟ ಹಿಡಿದು ನಿಂತಿದ್ದಳು. ನಲವತ್ತಾರು ವರ್ಷದಿಂದ ಅವನನ್ನು 'ಲೋ' ಎಂದು ಬಿಟ್ಟರೆ 'ದರಿದ್ರ' ಎಂದು ಮಾತ್ರ ಕರೆದವಳು, ಹೊರಗಿನವರನ್ನು ಕೇಳುವ ದನಿಯಲ್ಲಿ ಕೇಳುತ್ತಿದ್ದಳು.

"ಅಕ್ಕಾ, ನಾನು."

ಅವಳು ಪರದೆಯ ಮೇಲಿದ್ದ ಮುಖವನ್ನೂ ಅವನನ್ನೂ ಒಂದೊಂದು ಸಲ ನೋಡಿದಳು.

"ಬಿಚ್ಚು ಅದನ್ನ."

"ಅಕ್ಕಾ, ಅದೇನಾಯ್ತು ಅಂದ್ರೆ..."

"ನನಗೆ ಹೇಳಬೇಡ. ಹೇಳಿದ್ರೆ ನಾನು ಮೇಲೆ ಹೋಗಿ ಹೇಳಬೇಕಾಗುತ್ತೆ." ಲೋಟವನ್ನು ನೆಲದ ಮೇಲಿಟ್ಟು ಹೋದಳು, ಅವನ ಕೈಗೆ ಕೊಡಲಿಲ್ಲ.

ಶರ್ಟು ಮಡಿಸಿ ಹಿಂದಿರುಗಿಸುವಾಗ ಆ ಚಕ್ರಕ್ಕಾಗಿ ಹುಡುಕಿದ. ಕೀಬೋರ್ಡಿನ ಪಕ್ಕ ಇರಲಿಲ್ಲ. ಕೀಬೋರ್ಡು ಬೋರಲು ಹಾಕಿ ಕೊಡವಿದ, ಬ್ರೆಡ್ಡಿನ ಚೂರುಗಳಷ್ಟೇ ಉದುರಿದವು.

ಚಿತ್ರವನ್ನು ಅಂಗೈ ಅಗಲದ ಚೌಕಟ್ಟಿಗಲ್ಲ, ಎರಡು ಅಡಿಯ ಚೌಕಟ್ಟಿಗೆ ಹಾಕಿಸಿ ಒಯ್ದ. ಮೋಸ ಎಷ್ಟು ದೊಡ್ಡದೋ ಚೌಕಟ್ಟೂ ಅಷ್ಟೇ ದೊಡ್ಡದಿರಬೇಕಲ್ಲ. ಕೂಸನ್ನು ಯಾಕೆ ತೆಗೆದಿರಿ ಎಂದು ಅವಳು ಕೇಳಿಯಾಳೆಂದು, ಮುಖಚಿತ್ರದಲ್ಲಿ ಒಬ್ಬರೇ ಇದ್ದರೆ ಕಳೆ ಹೆಚ್ಚು ಎಂಬ ಉತ್ತರ ಸಿದ್ಧ ಮಾಡಿಕೊಂಡಿದ್ದ. ಅವಳು ಕೇಳಲಿಲ್ಲ. ಚೌಕಟ್ಟನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿ, ಬಾಗಿ, ಬಹಳ ಹೊತ್ತು ನೋಡಿದಳು. ಬಡಾಯಿ ಮಾವ ಉಸಿರು ಬಿಡದೆ ನಿಂತ. ಅಷ್ಟು ಹೊತ್ತು ಉಸಿರು ಕಟ್ಟಿದ್ದಕ್ಕೆ ಮುತ್ತು ಹೆಕ್ಕುವವರು ಅವನಿಗೆ ಕೆಲಸ ಕೊಡುತ್ತಿದ್ದರು.

"ಹೌದು," ಎಂದಳು ಕೊನೆಗೆ, ತನಗೆ ತಾನೇ. "ಹೀಗೇ ನೋಡ್ತಿದ್ರು."

ಅವನಿಗೆ ಹಗುರವಾಗಬೇಕಿತ್ತು. ಮೈಯೆಲ್ಲ ಮುಳ್ಳು ಎದ್ದಿತು.

ಚಿಕ್ಕಮುಳ್ಳು ಚಿತ್ರವನ್ನು ನೋಡಿದಳು. ಆಮೇಲೆ ನಿಧಾನವಾಗಿ ತಿರುಗಿ ಬಡಾಯಿ ಮಾವನನ್ನು ನೋಡಿದಳು.

ಗಡಿಯಾರದವನ ಕಣ್ಣು ಕಟ್ಟಡದ ಸುದ್ದಿಯಾಯಿತು. ಬದುಕಿದ್ದಾಗ ಅವನ ಕಣ್ಣು ನೋಡಿದವರೇ ಇರಲಿಲ್ಲ. ಸದಾ ತಲೆ ಬಗ್ಗಿಸಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದ ಮನುಷ್ಯ. ಈಗ ಬಟ್ಟೆ ಹೊಲಿಯಲು ಕೊಡುವ ನೆಪದಲ್ಲಿ ಎಲ್ಲರೂ ಹೋಗಿ ನೋಡಿ ಬಂದರು. "ಎಲ್ಲಿ ನಿಂತರೂ ನಮ್ಮನ್ನೇ ನೋಡ್ತಾನೆ ಮಾರಾಯ," ಎಂದ ನಲ್ಲಿ ರಿಪೇರಿಯವನು. "ನಾನು ನಲ್ಲಿ ಬಿಚ್ಚುವಾಗ ನನ್ನ ಕೈ ನೋಡ್ತಾ ಇದ್ದ. ಒಂದು ವಾಷರ್ ಕಡಿಮೆ ಹಾಕೋಣ ಅಂತಿದ್ದೆ, ಧೈರ್ಯ ಆಗ್ಲಿಲ್ಲ." ಮೆಟ್ಟಿಲ ತಿರುವಿನಲ್ಲಿ ಬಡಾಯಿ ಮಾವ ಇದಕ್ಕೆ ರೆಕ್ಕೆ, ಬಾಲ, ಕೊಂಬು ಎಲ್ಲ ಹಚ್ಚಬೇಕಿತ್ತು. ಹಚ್ಚಿದ ಕೂಡ, ಕಣ್ಣು ತೆರೆದಾಗ ಒಂದು ಹನಿ ನೀರು ಉರುಳಿ ಕೀಬೋರ್ಡು ಕೆಟ್ಟುಹೋಯಿತು ಎಂದು. ಆದರೆ ಹೇಳುವಾಗ ಬೆನ್ನನ್ನು ಗೋಡೆಗೆ ಒತ್ತಿಕೊಂಡು ಹೇಳಿದ.

ಶಾಲೆ ಶುರುವಾಗಿ ಎರಡು ವಾರಕ್ಕೆ ಹೊಲಿಗೆಯವಳಿಗೆ ಅವಸರದ ಕೆಲಸ ಬಂತು. ಮಗುವನ್ನು ಕರೆತರಲು ಬಡಾಯಿ ಮಾವ ಹೋದ. ಗೇಟಿನಲ್ಲಿ ನಿಂತಿದ್ದ ಟೀಚರಮ್ಮ ಇವನನ್ನು ನೋಡಿದವಳೇ ಮಗುವಿನ ಕೈ ಬಿಟ್ಟು ಕೊಟ್ಟಳು. "ಇವಳ ತಂದೆ ಅಲ್ವಾ? ಗೋಡೆ ಮೇಲೆ ದಿನಾ ನೋಡ್ತೀನಲ್ಲ," ಎಂದು ನಕ್ಕಳು.

ಅಲ್ಲ ಎನ್ನಬೇಕಿತ್ತು. ಅಭ್ಯಾಸವಿರಲಿಲ್ಲ.

ಹಿಂದಿರುಗುವಾಗ ಚಿಕ್ಕಮುಳ್ಳು ಅವನ ಅಂಗಿಯ ಜೇಬಿನ ಕಡೆಗೇ ನೋಡುತ್ತಾ ನಡೆದಳು. ಮೆಟ್ಟಿಲು ಹತ್ತುವಾಗ ಎತ್ತಿಕೊಳ್ಳಲು ಹೇಳಿದಳು. ಎತ್ತಿಕೊಂಡರೆ ಜೇಬಿಗೆ ಎರಡು ಬೆರಳು ಹಾಕಿ ತಡಕಿದಳು.

"ಏನು ಹುಡುಕ್ತೀಯಾ ಮರಿ?"

"ಅಪ್ಪನ ಜೇಬಲ್ಲಿ ಯಾವಾಗ್ಲೂ ಚಕ್ರ ಇರ್ತಿತ್ತಂತೆ. ಅಮ್ಮ ಹೇಳಿದ್ರು." ಅವಳ ಬೆರಳು ಹೊರಗೆ ಬಂದವು. ತುದಿಯಲ್ಲಿ ಸಾಸಿವೆ ಗಾತ್ರದ ಹಲ್ಲುಚಕ್ರ. "ಇಲ್ಲೇ ಇದೆಯಲ್ಲ."

ಆ ಅಂಗಿ ಅವನದೇ. ಅಕ್ಕ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಟ್ಟದ್ದು. ಬೆಳಿಗ್ಗೆಯಷ್ಟೇ ಹಾಕಿಕೊಂಡದ್ದು. ಮೂರನೇ ಮಹಡಿಯಲ್ಲಿ ಅವನು ಮಗುವನ್ನು ಇಳಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಗು ಪಕ್ಕದಲ್ಲಿ ಕೂತು ಚಕ್ರವನ್ನು ಅಂಗೈಯಲ್ಲಿ ತಿರುಗಿಸುತ್ತಾ, ಮಾಮೂಲಿ ವಿಷಯ ಕೇಳುವ ಹಾಗೆ ಕೇಳಿತು.

"ದಿನವಿಡೀ ಗೋಡೆ ಮೇಲೆ ಇರ್ತೀರಲ್ಲ, ಬೆನ್ನು ನೋಯಲ್ವಾ?"

ಆ ವಾರದಿಂದ ಬಡಾಯಿ ಮಾವ ಗಡ್ಡ ಬಿಟ್ಟ. ಕ್ಷೌರಕ್ಕೆಂದು ಕನ್ನಡಿಯ ಮುಂದೆ ನಿಂತರೆ, ಎಡಗಡೆಯ ಬೆಳಕಿನಲ್ಲಿ ತಲೆ ತಾನಾಗಿ ಬಾಗುತ್ತಿತ್ತು. ನೋಡುವವನು ಯಾರು, ನೋಡಿಸಿಕೊಳ್ಳುವವನು ಯಾರು ಎಂಬುದು ಕ್ಷಣ ಹೊತ್ತು ಗೊತ್ತಾಗುತ್ತಿರಲಿಲ್ಲ. ಸಭಾಂಗಣ ಬಿಕೋ ಅಂದಿತು. ಜನ ಯಾವ ತಡೆಯೂ ಇಲ್ಲದೆ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರು. "ಏನಾಯ್ತೋ ನಿನ್ನ ಬಾಯಿಗೆ? ಹೊಲಿಗೆ ಹಾಕಿಸಿಕೊಂಡ್ಯಾ?" ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, "ಹಾಕಿದ್ದನ್ನ ಬಿಚ್ಚಬೇಕಾದವನು ನೀನೇ" ಅಂದಳು.

ಗಡ್ಡ ತುಂಬಿ ಬಂದ ಮೇಲೊಂದು ಭಾನುವಾರ ಮಧ್ಯಾಹ್ನ ಹೊಲಿಗೆಯವಳೇ ಇಳಿದು ಬಂದಳು. ಹಿಂದೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಚಿಕ್ಕಮುಳ್ಳು. ಹೊಲಿಗೆಯವಳ ಕೈಯಲ್ಲಿ ಬೇರೆ ಮೊಬೈಲಿತ್ತು, ಯಾರೋ ಬಳಸಿ ಕೊಟ್ಟದ್ದು, ಆದರೆ ಗಾಜು ಸರಿಯಿದ್ದದ್ದು.

"ಮಾವ, ಇದು ನನ್ನನ್ನ ಏನೋ ಕೇಳ್ತಾ ಇದೆ," ಎಂದಳು. "ಮೂರು ದಿನದಿಂದ. ಮುಚ್ಚಿದ್ರೆ ಮತ್ತೆ ಕೇಳುತ್ತೆ."

ಪರದೆಯ ಮೇಲೆ ಎರಡು ದುಂಡು ಚಿತ್ರಗಳು ಅಕ್ಕಪಕ್ಕ. ಒಂದು, ಗೋಡೆಯ ಮೇಲಿನ ಚೌಕಟ್ಟಿನ ಮುಖ. ಶಾಲೆಗೆ ಕಳಿಸಲು ಅವಳೇ ತೆಗೆದುಕೊಂಡದ್ದು. ಇನ್ನೊಂದು, ಹೋದ ವಾರ ತಾರಸಿಯಲ್ಲಿ ನೀರಿನ ಟ್ಯಾಂಕು ರಿಪೇರಿಯಾದಾಗ ಯಾರೋ ತೆಗೆದು ಎಲ್ಲರಿಗೂ ಕಳಿಸಿದ ಗುಂಪು ಫೋಟೋದಿಂದ ಹೆಕ್ಕಿದ್ದು: ಗಡ್ಡ ಬಿಟ್ಟ ಬಡಾಯಿ ಮಾವ. ಕೆಳಗೆ ಒಂದು ಸಾಲು. ಇವರಿಬ್ಬರೂ ಒಬ್ಬರೇ ವ್ಯಕ್ತಿಯೇ? ಅದರ ಕೆಳಗೆ ಎರಡು ಗುಂಡಿ. ಹೌದು. ಅಲ್ಲ.

"ಯಂತ್ರಕ್ಕೇನು ಗೊತ್ತಮ್ಮ!" ಬಡಾಯಿ ಮಾವ ನಗಲು ನೋಡಿದ. "ನಮ್ಮ ಅಂಗಡಿಯಲ್ಲಿ ಒಂದು ಯಂತ್ರ ನನ್ನನ್ನೂ ಫ್ಯಾನನ್ನೂ ಒಂದೇ ಅಂದಿತ್ತು. ಒಂದು ಸಲ ಏನಾಯ್ತು ಗೊತ್ತಾ, ಒಬ್ಬ ಗಿರಾಕಿ ಬಂದು..."

"ಮೂರನೇ ಗುಂಡಿ," ಎಂದಳು ಅವಳು.

ಅವನ ಕೈ ಗಡ್ಡಕ್ಕೆ ಹೋಯಿತು.

"ಶರ್ಟಿನ ಮೂರನೇ ಗುಂಡಿ. ಬೇರೆಯವು ಬಿಳಿ, ಅದೊಂದು ಕೆನೆಬಣ್ಣ. ಅವರು ಹೋದ ಮೇಲೆ, ಹೋದ ವರ್ಷ, ಉದುರಿದ್ದಕ್ಕೆ ನಾನು ಹಾಕಿದ್ದು. ಫೋಟೋ ತೆಗೆದಾಗ ಆ ಗುಂಡಿ ಎಲ್ಲಿತ್ತು ಮಾವ?" ಅವಳ ದನಿ ಏರಲಿಲ್ಲ, ದಾರ ಕಚ್ಚಿ ತುಂಡು ಮಾಡುವವರ ಹಾಗೆ ಮೆಲ್ಲಗೆ ಹೇಳುತ್ತಿದ್ದಳು. "ಮೊದಲ ದಿನವೇ ಕಂಡಿತ್ತು. ಕಾಣಲಿಲ್ಲ ಅಂದುಕೊಂಡೆ. ಇವಳು ಅಷ್ಟು ಖುಷಿಯಾಗಿದ್ಲು. ನಾನೂ ದಿನಾ ಅದನ್ನೇ ನೋಡ್ಕೊಂಡು ಹೊಲಿದೆ. ಈಗ ಕಣ್ಣು ಮುಚ್ಚಿದ್ರೆ ಅವರು ಬರಲ್ಲ, ನೀವು ಬರ್ತೀರಿ. ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಅವರಿಗೆ ಒಂದು ಕಣ್ಣಿನ ಕೆಳಗೆ ಕಪ್ಪು ಗುರುತು ಬಿದ್ದಿತ್ತು. ಎಡಗಣ್ಣೋ ಬಲಗಣ್ಣೋ, ನಿನ್ನೆಯಿಂದ ಯೋಚಿಸ್ತಿದೀನಿ. ನೆನಪಾಗ್ತಾ ಇಲ್ಲ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಬಡಾಯಿ ಮಾವ ಬಾಯಿ ತೆರೆದ. ಅದರೊಳಗೆ ಇಷ್ಟು ವರ್ಷ ಸದಾ ಸಾಲುಗಟ್ಟಿ ನಿಂತಿರುತ್ತಿದ್ದ ಮಾತುಗಳಲ್ಲಿ ಒಂದೂ ಇರಲಿಲ್ಲ.

"ನಕಲು ಮಾಡ್ಲಿಲ್ಲ," ಎಂದ. "ಚಿಕ್ಕದು ಮಾಡಿ ಅದರ ಮೇಲೇ ಉಳಿಸಿಬಿಟ್ಟೆ. ಜಂಬ ಕೊಚ್ಚೋಕೆ. ಅವರ ಮುಖ ಹೋಯ್ತು. ಗೋಡೆ ಮೇಲಿರೋದು ನಾನು. ಕಣ್ಣು, ಮೂಗು, ಎಲ್ಲ. ಶರ್ಟನ್ನೂ ಹಾಕ್ಕೊಂಡಿದ್ದೆ. ಆ ಅಜ್ಜ ಮಾತಾಡಿದ್ದೂ ಸುಳ್ಳು. ಮುನ್ನೂರ ಹದಿನೇಳು ಜನ ಇಲ್ಲ. ನಾನು ಯಾರ ಕಣ್ಣನ್ನೂ ಯಾವತ್ತೂ ತೆರೆಸಿಲ್ಲ. ಇದೇ ಮೊದಲು. ಚಕ್ರ ನನ್ನ ಜೇಬಿಗೆ ಹೇಗೆ ಬಂತೋ ಗೊತ್ತಿಲ್ಲ. ಅದು ಮಾತ್ರ ನಿಜ" ಅಂದ.

ಅವನು ಎದ್ದು ಕಂಪ್ಯೂಟರಿನ ಗುಂಡಿ ಒತ್ತಿದ. ಅದು ಆಕಳಿಸುತ್ತಾ ಏಳುವವರೆಗೆ ನಾಲ್ವರೂ ಕಾದರು, ಎಷ್ಟು ಹೊತ್ತು ಕಾದರೋ ಅಷ್ಟೇ ಹೊತ್ತು. ಅವನು ಚಿತ್ರ ತೆರೆದ. ಹಿಗ್ಗಿಸಲಿಲ್ಲ.

ಬಿಳಿ ಪರದೆಯ ನಡುವೆ ಬೆರಳ ಉಗುರಿನಷ್ಟು ಗಡಿಯಾರದವನು, ತೊಡೆಯ ಮೇಲೆ ಸಾಸಿವೆಯಷ್ಟು ಕೂಸು. ಹೊಲಿಗೆಯವಳು ಸೂಜಿಗೆ ದಾರ ಪೋಣಿಸುವಾಗಿನಂತೆ ಒಂದು ಕಣ್ಣು ಕಿರಿದು ಮಾಡಿ ಪರದೆಗೆ ಮುಖ ತಂದಳು. ಒಂದು ಚುಕ್ಕೆಯ ಬಳಿ ಅವಳ ಬೆರಳು ನಿಂತಿತು. ಬಡಾಯಿ ಮಾವ ಕೊಳೆ ಎಂದು ಒರೆಸಿದ್ದ ಚುಕ್ಕೆ. ಆ ಬೆರಳು ನಿಧಾನವಾಗಿ ಹಿಂದೆ ಬಂದು ಅವಳದೇ ಬಲಗಣ್ಣಿನ ಕೆಳಗೆ ಕೂತಿತು.

ಇನ್ನೊಂದು ಕೈಯಲ್ಲಿ ಮೊಬೈಲು ಇನ್ನೂ ಕೇಳುತ್ತಲೇ ಇತ್ತು. ಅವಳು ನೋಡದೆಯೇ ಹೆಬ್ಬೆರಳಿನಿಂದ 'ಅಲ್ಲ' ಒತ್ತಿದಳು.

ಚಿಕ್ಕಮುಳ್ಳು ಕುರ್ಚಿಯ ಮೇಲೆ ಹತ್ತಿ ನಿಂತಳು. ಉಗುರಿನಷ್ಟು ಚಿತ್ರವನ್ನು ನೋಡಿದಳು, ಬಡಾಯಿ ಮಾವನ ಗಡ್ಡವನ್ನು ನೋಡಿದಳು, ಮತ್ತೆ ಚಿತ್ರವನ್ನು ನೋಡಿದಳು.

"ಇದು ನಾನಾ?"

"ಹೂಂ," ಎಂದಳು ಅಮ್ಮ.

"ಅಪ್ಪ ಮಲಗಿದ್ದಾರೆ."

"ಹೂಂ."

ಮಗು ತುಟಿಯ ಮೇಲೆ ಬೆರಳಿಟ್ಟುಕೊಂಡು, ಬಡಾಯಿ ಮಾವನ ಕಡೆ ತಿರುಗಿ ಪಿಸುಗುಟ್ಟಿತು. "ಬೆಳಕು ಸ್ವಲ್ಪ ಕಡಿಮೆ ಮಾಡಿ ಮಾವ. ಕಣ್ಣು ಕುಕ್ಕುತ್ತೆ."

ಬಡಾಯಿ ಮಾವ ಕೈ ಚಾಚಿ ಪರದೆಯ ಅಂಚಿನ ಗುಂಡಿ ಹುಡುಕಿದ. ಒಂದೊಂದೇ ಮೆಟ್ಟಿಲು ಇಳಿಸಿದಂತೆ, ಅವನು ಬೆಳಕನ್ನು ಇಳಿಸುತ್ತಾ ಹೋದ.